ಲೈಂಗಿಕ ಸೋಂಕು: ಎಷ್ಟನೇ ದಿನಕ್ಕೆ ಏನು ಮಾಡಬೇಕು

ಮೂತ್ರ ಮಾಡುವಾಗ ಉರಿ, ಒಳಉಡುಪಿನ ಮೇಲೆ ಹಳದಿ ಕಲೆ. ಇಷ್ಟು ಕಂಡ ಕೂಡಲೇ ಬಹಳ ಜನ ಹೋಗುವುದು ಔಷಧಿ ಅಂಗಡಿಗೆ. ದನಿ ತಗ್ಗಿಸಿ ಎರಡು ಮಾತು ಹೇಳಿ, ಒಂದು ಅಜಿತ್ರೋಮೈಸಿನ್ ಮಾತ್ರೆ, ಒಂದು ಟ್ಯೂಬ್ ಮುಲಾಮು ತಂದುಕೊಳ್ಳುತ್ತಾರೆ. ಮೂರನೇ ದಿನಕ್ಕೆ ಕೀವು ಇಳಿಯುತ್ತದೆ, ಮನಸ್ಸು ಹಗುರವಾಗುತ್ತದೆ. ಒಳಗಿನ ಕಥೆ ಬೇರೆ. ಗೊನೋರಿಯಾದ ಬ್ಯಾಕ್ಟೀರಿಯಾಗಳು ಅರೆಬರೆ ಸತ್ತಿರುತ್ತವೆ, ಉಳಿದವು ಆ ಔಷಧಿಗೆ ಜಗ್ಗದಂಥವು. ಈಗ ಪರೀಕ್ಷೆಗೆ ಹೋದರೆ ರೋಗಾಣು ಸರಿಯಾಗಿ ಸಿಗುವುದಿಲ್ಲ. ಜೊತೆಗಾರರ ಮೈಯಲ್ಲಿ ಸೋಂಕು ಹಾಗೇ ಕೂತಿರುತ್ತದೆ.

‘ಗುಪ್ತರೋಗ’ ಅನ್ನುವ ಹೆಸರೇ ಅರ್ಧ ಕೆಲಸ ಕೆಡಿಸಿದೆ. ಗುಟ್ಟು ಮಾಡಿದಷ್ಟೂ ದಿನ ಕಳೆಯುತ್ತದೆ, ಈ ಸೋಂಕುಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ದಿನದ ಲೆಕ್ಕದಲ್ಲೇ. ತೀರಾ ಬೇಗ ಪರೀಕ್ಷೆ ಮಾಡಿಸಿ ‘ಏನೂ ಇಲ್ಲ’ ಎಂದು ನಂಬುವುದು, ಮಾದರಿ ಕೊಡುವ ಮೊದಲೇ ಮಾತ್ರೆ ನುಂಗುವುದು, ವಾಸಿಯಾಗುವ ಮೊದಲೇ ಮತ್ತೆ ಸೇರುವುದು. ಅದಕ್ಕೇ ಇಲ್ಲಿ ಎಲ್ಲವನ್ನೂ ದಿನದ ಲೆಕ್ಕಕ್ಕೆ ಕಟ್ಟಿ ಹೇಳಿದೆ. ಕೊಟ್ಟಿರುವ ಪ್ರಮಾಣಗಳು ವಯಸ್ಕರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವಂಥವು. ನಿಮ್ಮ ಚೀಟಿಯಲ್ಲಿ ಬೇರೆ ಇದ್ದರೆ ‘ಯಾಕೆ?’ ಎಂದು ಕೇಳಲು ಬಳಸಿಕೊಳ್ಳಿ. ಚೀಟಿಯಿಲ್ಲದೆ ಕೊಳ್ಳಲು ಬೇಡ.

ಮೊದಲ 72 ಗಂಟೆ

ಕಾಂಡೋಮ್ ಹರಿದಿದೆ, ಅಥವಾ ಇರಲೇ ಇಲ್ಲ. ಎದುರಿನವರ ಆರೋಗ್ಯದ ಬಗ್ಗೆ ಏನೂ ತಿಳಿಯದು. ಇಂಥ ಹೊತ್ತಿನಲ್ಲಿ ಯಾವ ಪರೀಕ್ಷೆಯೂ ಉತ್ತರ ಹೇಳುವುದಿಲ್ಲ. ಆದರೆ ಕೆಲವು ಔಷಧಿಗಳು ಕೆಲಸ ಮಾಡುವುದೇ ಈಗ.

ಎಚ್‌ಐವಿ ತಡೆಯುವ ಮಾತ್ರೆಗಳನ್ನು ಘಟನೆಯಾದ 72 ಗಂಟೆಯೊಳಗೆ ಶುರು ಮಾಡಬೇಕು. ಮೊದಲ ದಿನವೇ ಸಿಕ್ಕರೆ ಇನ್ನೂ ಒಳ್ಳೆಯದು. ಬಿಡದೆ 28 ದಿನ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲದವರು ಸಾಧ್ಯವಾದರೆ 24 ಗಂಟೆಯೊಳಗೆ ಮೊದಲ ಡೋಸ್ ಹಾಕಿಸಿಕೊಳ್ಳಬೇಕು. ಗರ್ಭದ ಭಯವಿದ್ದರೆ ತುರ್ತು ಗರ್ಭನಿರೋಧಕಕ್ಕೆ ಗರಿಷ್ಠ 120 ಗಂಟೆ, ತಡವಾದಷ್ಟೂ ಮಾತ್ರೆಯ ಬಲ ಕಡಿಮೆ.

ಯೋನಿಯ ಒಳಗೆ ನೀರು, ಸೋಪು, ಆಂಟಿಸೆಪ್ಟಿಕ್ ದ್ರವ ಹಾಯಿಸಿ ತೊಳೆಯಬೇಡಿ. ರೋಗಾಣು ಹೊರಗೆ ಬರುವುದಿಲ್ಲ. ಕಾವಲಿಗಿರುವ ಒಳ್ಳೆಯ ಬ್ಯಾಕ್ಟೀರಿಯಾ ಹೋಗುತ್ತವೆ, ಒಳಚರ್ಮ ಕೆರೆದಂತಾಗಿ ಸೋಂಕಿಗೆ ದಾರಿ ಸಲೀಸಾಗುತ್ತದೆ. ಬಲವಂತದಿಂದ ನಡೆದಿದ್ದರೆ ಸ್ನಾನ ಮಾಡುವ ಮೊದಲೇ ಆಸ್ಪತ್ರೆಗೆ ಹೋಗಿ. ಬದಲಿಸಿದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ಬೂಷ್ಟು ಹಿಡಿಯುತ್ತದೆ.

ಲಕ್ಷಣ ಯಾವಾಗ ಬರುತ್ತದೆ

ಒಂದೊಂದು ಸೋಂಕಿಗೂ ಒಂದೊಂದು ಪಂಚಾಂಗ. ಗೊನೋರಿಯಾ ಅವಸರದ್ದು: ಗಂಡಸರಲ್ಲಿ ಎರಡರಿಂದ ಏಳು ದಿನಕ್ಕೆ ಕೀವು. ಜನನಾಂಗದ ಹರ್ಪಿಸ್ 2ರಿಂದ 12 ದಿನ. ಕ್ಲಮಿಡಿಯಾ ಒಂದರಿಂದ ಮೂರು ವಾರ. ಟ್ರೈಕೊಮೊನಾಸ್ 5ರಿಂದ 28 ದಿನ. ಎಚ್‌ಐವಿಯ ಮೊದಲ ಜ್ವರ ಬಂದರೆ 2ರಿಂದ 4 ವಾರಕ್ಕೆ ಬರುತ್ತದೆ, ಫ್ಲೂ ಎಂದುಕೊಂಡು ಮರೆತುಬಿಡುವಂಥದ್ದು. ಸಿಫಿಲಿಸ್ 10ರಿಂದ 90 ದಿನಗಳ ನಡುವೆ ಯಾವಾಗ ಬೇಕಾದರೂ, ಹೆಚ್ಚಾಗಿ ಮೂರು ವಾರದ ಆಸುಪಾಸಿನಲ್ಲಿ. ಎಚ್‌ಪಿವಿ ಎಂಬ ವೈರಸ್ ತರುವ ನರುಳ್ಳೆಗಳಿಗೆ ತಿಂಗಳುಗಳೇ ಹಿಡಿಯಬಹುದು.

ಮೂರನೇ ದಿನಕ್ಕೆ ದಪ್ಪ ಕೀವು ಬಂತೆಂದರೆ ಗೊನೋರಿಯಾದ ಅನುಮಾನ ಗಟ್ಟಿ. ಆದರೆ ಅದು ಬಂದ ದಾರಿಯಲ್ಲೇ ಕ್ಲಮಿಡಿಯಾ, ಸಿಫಿಲಿಸ್ ಕೂಡ ಬಂದಿರಬಹುದು, ಅವುಗಳ ದಿನ ಇನ್ನೂ ಬಂದಿಲ್ಲ ಅಷ್ಟೆ. ಒಂದು ಸಿಕ್ಕಿತೆಂದು ಉಳಿದವನ್ನು ಹುಡುಕದೆ ಬಿಡುವುದು ದೊಡ್ಡ ತಪ್ಪು.

ಇನ್ನೂ ಮುಖ್ಯವಾದದ್ದು, ಲಕ್ಷಣವೇ ಇಲ್ಲದಿರುವುದು. ಕ್ಲಮಿಡಿಯಾ ತಗುಲಿದ ಹೆಂಗಸರಲ್ಲಿ ಬಹುಪಾಲು ಮಂದಿಗೆ, ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಏನೂ ಗೊತ್ತಾಗುವುದಿಲ್ಲ. ಗಂಟಲಿನ, ಗುದದ ಸೋಂಕು ಇನ್ನೂ ಮೌನಿ. ಲಕ್ಷಣಕ್ಕಾಗಿ ಕಾಯುವವರು ಕಾಯುತ್ತಲೇ ಇರುತ್ತಾರೆ. ಅಷ್ಟರಲ್ಲಿ ಸೋಂಕು ಗರ್ಭಕೋಶ ದಾಟಿ ಗರ್ಭನಾಳಕ್ಕೆ ಏರಿರುತ್ತದೆ.

ಕಂಡದ್ದು ಏನಿರಬಹುದು

ಹುಣ್ಣಿನಿಂದ ಶುರು ಮಾಡೋಣ, ಯಾಕೆಂದರೆ ಮೋಸ ಹೋಗುವುದು ಅಲ್ಲೇ. ಕನ್ನಡಿ ಹಿಡಿದು, ಒಳ್ಳೆಯ ಬೆಳಕಿನಲ್ಲಿ ನೋಡಿ. ಶಿಶ್ನದ ಮುಂದೊಗಲನ್ನು ಪೂರ್ತಿ ಹಿಂದಕ್ಕೆ ಸರಿಸಿ, ಯೋನಿಯ ತುಟಿಗಳನ್ನು ಬಿಡಿಸಿ, ಗುದದ್ವಾರದ ಸುತ್ತ, ಬಾಯಿಯ ಒಳಗೆ. ಒಂದೇ ಹುಣ್ಣು, ಅಂಚು ಗಟ್ಟಿ, ತಳ ಶುಭ್ರ, ಒತ್ತಿದರೂ ನೋವಿಲ್ಲ, ತೊಡೆಸಂದಿನಲ್ಲಿ ರಬ್ಬರಿನಂಥ ನೋಯದ ಗಂಟು: ಇದು ಸಿಫಿಲಿಸ್‌ನ ಮೊದಲ ಹಂತ. ನೋಯುವುದಿಲ್ಲವೆಂದೇ ಜನ ಅದನ್ನು ಬಿಡುತ್ತಾರೆ. ಮೂರರಿಂದ ಆರು ವಾರದಲ್ಲಿ ಅದು ತಾನಾಗಿ ಮಾಯುತ್ತದೆ, ಹಚ್ಚಿದ ಮುಲಾಮಿಗೆ ಆ ಹೆಸರು ಹೋಗುತ್ತದೆ. ಆಮೇಲೆ ವಾರಗಳೋ ತಿಂಗಳುಗಳೋ ಕಳೆದು ಮೈಮೇಲೆ, ಅಂಗೈ ಅಂಗಾಲಿನಲ್ಲೂ, ತುರಿಸದ ಕೆಂಪು ಕಂದು ಮಚ್ಚೆ ಏಳುತ್ತವೆ. ಅಂಗೈ ಅಂಗಾಲಿನಲ್ಲಿ ತುರಿಕೆಯಿಲ್ಲದ ಮಚ್ಚೆ ಕಂಡರೆ ಅಲರ್ಜಿ ಎನ್ನುವ ಮೊದಲು ಸಿಫಿಲಿಸ್ ರಕ್ತಪರೀಕ್ಷೆ ಆಗಲೇಬೇಕು.

ಗುಂಪಾಗಿ ಸಣ್ಣ ನೀರುಗುಳ್ಳೆ, ಒಡೆದು ಆಳವಿಲ್ಲದ ಹುಣ್ಣುಗಳಾಗಿ, ಮುಟ್ಟಿದರೆ ಪ್ರಾಣ ಹೋಗುವಷ್ಟು ಉರಿ: ಅದು ಹರ್ಪಿಸ್. ಹೆಸರು ಕೇಳಿ ಸರ್ಪಸುತ್ತು ಎಂದುಕೊಳ್ಳುವವರಿದ್ದಾರೆ. ಸರ್ಪಸುತ್ತು ಬೇರೆ ವೈರಸ್ಸಿನದು, ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಬರುತ್ತದೆ, ಲೈಂಗಿಕ ಸೋಂಕೂ ಅಲ್ಲ. ಇನ್ನು ಮೆತ್ತಗೆ, ಹರಿದ ಅಂಚಿನ, ಕೀವು ತುಂಬಿದ ನೋವಿನ ಹುಣ್ಣು, ಜೊತೆಗೆ ತೊಡೆಸಂದಿನಲ್ಲಿ ಬಾವು ಇದ್ದರೆ ಷಾಂಕ್ರಾಯ್ಡ್ ಎಂಬ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಈಗ ಅಪರೂಪ.

ಸ್ರಾವದ ವಿಷಯ. ಗಂಡಸರಲ್ಲಿ ದಪ್ಪ ಹಳದಿ ಹಸಿರು ಕೀವು ಗೊನೋರಿಯಾದ ಕಡೆಗೆ, ಬೆಳಗ್ಗೆ ಮಾತ್ರ ಕಾಣುವ ತೆಳು ಬಿಳಿ ಹನಿ ಕ್ಲಮಿಡಿಯಾ ಅಥವಾ ಮೈಕೊಪ್ಲಾಸ್ಮಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕಡೆಗೆ ಬೆರಳು ತೋರುತ್ತದೆ. ಹೆಂಗಸರಲ್ಲಿ ‘ಬಿಳಿ ಹೋಗುವುದು’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿ ಅಡಗಿವೆ. ಮೊಸರು ಒಡೆದಂತೆ, ವಿಪರೀತ ತುರಿಕೆ: ಯೀಸ್ಟ್ ಎಂಬ ಶಿಲೀಂಧ್ರ, ಇದು ಸಾಮಾನ್ಯವಾಗಿ ಜೊತೆಗಾರರಿಂದ ಬರುವುದಲ್ಲ, ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ ಪರೀಕ್ಷಿಸಿ. ತೆಳ್ಳಗೆ ಬೂದು ಬಣ್ಣ, ಮೀನಿನ ವಾಸನೆ: ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದ್ದು. ನೊರೆನೊರೆಯಾಗಿ ಹಳದಿ ಹಸಿರು, ಉರಿ: ಟ್ರೈಕೊಮೊನಾಸ್. ತಿಂಗಳ ನಡುವೆ ಅಂಟಂಟಾಗಿ, ಮೊಟ್ಟೆಯ ಬಿಳಿಯಂತೆ ಬರುವುದು ಅಂಡಾಣು ಬಿಡುಗಡೆಯ ಹೊತ್ತಿನದು, ರೋಗವಲ್ಲ. ಕ್ಲಮಿಡಿಯಾದ ಸ್ರಾವ ಇದ್ದೂ ಇಲ್ಲದಂತಿರುತ್ತದೆ. ಸಂಭೋಗದ ನಂತರ ರಕ್ತದ ಕಲೆ, ಮುಟ್ಟಿನ ನಡುವೆ ರಕ್ತ, ಕಿಬ್ಬೊಟ್ಟೆಯ ಮಂದ ನೋವು ಅದರ ಸುಳಿವುಗಳು.

ಭಯ ಬೇಡದ್ದೂ ಇದೆ. ಶಿಶ್ನದ ತಲೆಯ ಅಂಚಿನಲ್ಲಿ ಒಂದೇ ಅಳತೆಯ ಮುತ್ತಿನಂಥ ಬೊಕ್ಕೆಗಳು ಸಾಲಾಗಿ ಇದ್ದರೆ ಅವು ಸಹಜ ರಚನೆ, ನರುಳ್ಳೆಯಲ್ಲ. ನರುಳ್ಳೆ ಹೂಕೋಸಿನಂತೆ, ಅಳತೆ ಒಂದಕ್ಕೊಂದು ಹೊಂದದೆ, ಅಲ್ಲಲ್ಲಿ ಏಳುತ್ತದೆ. ತುಟಿಯ ಮೇಲೆ, ಶಿಶ್ನದ ಚರ್ಮದಲ್ಲಿ ಕಾಣುವ ಹಳದಿ ಚುಕ್ಕೆಗಳು ಎಣ್ಣೆಗ್ರಂಥಿಗಳು. ಇವನ್ನು ಆ್ಯಸಿಡ್ ಹಚ್ಚಿ ಸುಟ್ಟುಕೊಂಡವರ ಗಾಯ ವಾಸಿಯಾಗಲು ವಾರಗಳು ಬೇಕಾಗುತ್ತವೆ.

ಮಾದರಿ ಕೊಡುವ ಬಗೆ

ಯಾವುದೇ ಆ್ಯಂಟಿಬಯೋಟಿಕ್ ನುಂಗುವ ಮೊದಲು ಮಾದರಿ ಕೊಡಿ. ಕ್ಲಮಿಡಿಯಾ, ಗೊನೋರಿಯಾಕ್ಕೆ ಈಗಿನ ಉತ್ತಮ ಪರೀಕ್ಷೆ ರೋಗಾಣುವಿನ ವಂಶವಸ್ತುವನ್ನೇ ಹುಡುಕುವ ಪಿಸಿಆರ್ ಜಾತಿಯದು. ಗಂಡಸರಿಗೆ ಮೂತ್ರ ಸಾಕು, ಆದರೆ ಆ ಮೂತ್ರ ಹಿಡಿಯುವ ರೀತಿಯಲ್ಲೇ ತಪ್ಪುತ್ತಾರೆ.

1. ಕಡೇ ಪಕ್ಷ ಒಂದು ಗಂಟೆ ಮೂತ್ರ ಮಾಡದೆ ಇರಿ. ಬೆಳಗಿನ ಮೊದಲ ಮೂತ್ರವಾದರೆ ಇನ್ನೂ ಒಳ್ಳೆಯದು.
2. ತುದಿಯನ್ನು ತೊಳೆಯಬೇಡಿ, ಒರೆಸಬೇಡಿ.
3. ಧಾರೆಯ ಮೊದಲ 20–30 ಮಿಲಿಲೀಟರ್ ಮಾತ್ರ ಡಬ್ಬಿಗೆ ಹಿಡಿಯಿರಿ; ಉಳಿದದ್ದು ಹೊರಗೆ. ಡಬ್ಬಿ ತುಂಬಿಸಿದರೆ ರೋಗಾಣು ನೀರಾಗಿ ಪರೀಕ್ಷೆ ತಪ್ಪುತ್ತದೆ.

ಮಾಮೂಲಿ ಮೂತ್ರ ಕಲ್ಚರ್‌ಗೆ ಹೇಳುವ ‘ನಡುಧಾರೆ ಹಿಡಿಯಿರಿ’ ಇದಕ್ಕೆ ಪೂರ್ತಿ ಉಲ್ಟಾ. ಆ ಕಲ್ಚರ್ ವರದಿಯಲ್ಲಿ ‘ಕೀವಿನ ಕೋಶಗಳು ಬಹಳ, ಬ್ಯಾಕ್ಟೀರಿಯಾ ಬೆಳೆದಿಲ್ಲ’ ಎಂದು ಬಂದರೆ ಮೂತ್ರದ ಸೋಂಕು ಎಂದು ಮತ್ತೆ ಮಾತ್ರೆ ನುಂಗದೆ ಕ್ಲಮಿಡಿಯಾ, ಗೊನೋರಿಯಾ ಪರೀಕ್ಷೆ ಕೇಳಿ. ಆ ಎರಡೂ ಮಾಮೂಲಿ ಕಲ್ಚರ್ ತಟ್ಟೆಯಲ್ಲಿ ಬೆಳೆಯುವುದಿಲ್ಲ.

ಹೆಂಗಸರಿಗೆ ಮೂತ್ರಕ್ಕಿಂತ ಯೋನಿಯ ಹತ್ತಿಕಡ್ಡಿ ಮಾದರಿ ಮೇಲು, ಅದನ್ನು ತಾವೇ ತೆಗೆಯಬಹುದು. ಕಡ್ಡಿಯನ್ನು ಸುಮಾರು 5 ಸೆಂಟಿಮೀಟರ್ ಒಳಗೆ ಬಿಟ್ಟು, ಗೋಡೆಗೆ ತಾಗುವಂತೆ 10ರಿಂದ 30 ಸೆಕೆಂಡ್ ತಿರುಗಿಸಿ, ಬೇರೆ ಎಲ್ಲೂ ಮುಟ್ಟಿಸದೆ ಕೊಳವೆಯೊಳಕ್ಕೆ ಇಳಿಸಿ. ಬಾಯಿಯ ಅಥವಾ ಗುದದ ಸಂಪರ್ಕ ಇದ್ದರೆ ಅಲ್ಲಿನ ಮಾದರಿ ಬೇರೆಯಾಗಿಯೇ ಬೇಕು. ಇದನ್ನು ನಾಚಿಕೆ ಬಿಟ್ಟು ಹೇಳದಿದ್ದರೆ ಮೂತ್ರದ ವರದಿ ಶುದ್ಧ ಬಂದು ಗಂಟಲಲ್ಲಿ ಗೊನೋರಿಯಾ ಉಳಿದುಬಿಡುತ್ತದೆ.

ಹರ್ಪಿಸ್‌ಗೆ ಹೊಸ ಗುಳ್ಳೆಯ ತಳದಿಂದ ಕಡ್ಡಿ ಮಾದರಿ, ಎರಡು ಮೂರು ದಿನದೊಳಗೆ. ಹಕ್ಕಳೆ ಕಟ್ಟಿದ ಮೇಲೆ ವೈರಸ್ ಸಿಗುವುದು ಕಷ್ಟ. ಹರ್ಪಿಸ್ ಐಜಿಎಂ ರಕ್ತಪರೀಕ್ಷೆಗೆ ದುಡ್ಡು ಸುರಿಯಬೇಡಿ, ಅದು ಹೊಸ ಸೋಂಕನ್ನೂ ಹಳೆಯದನ್ನೂ ನೆಟ್ಟಗೆ ಬೇರ್ಪಡಿಸುವುದಿಲ್ಲ.

ಪರೀಕ್ಷೆಯ ಫಲ ನಂಬಲು ಎಷ್ಟು ದಿನ ಕಳೆದಿರಬೇಕು? ಕ್ಲಮಿಡಿಯಾ, ಗೊನೋರಿಯಾಕ್ಕೆ ಎರಡು ವಾರ. ಪ್ರತಿಕಾಯ (ವೈರಸ್ ವಿರುದ್ಧ ದೇಹ ತಯಾರಿಸುವ ವಸ್ತು), ಪ್ರತಿಜನಕ (ವೈರಸ್ಸಿನದೇ ಭಾಗ) ಎರಡನ್ನೂ ನೋಡುವ ಪ್ರಯೋಗಾಲಯದ ಎಚ್‌ಐವಿ ಪರೀಕ್ಷೆಗೆ 45 ದಿನ. ಬೆರಳು ಚುಚ್ಚಿ ಮಾಡುವ, ಪ್ರತಿಕಾಯ ಮಾತ್ರ ನೋಡುವ ಕಿಟ್‌ಗೆ 90 ದಿನ. ಸಿಫಿಲಿಸ್, ಹೆಪಟೈಟಿಸ್ ಬಿ ಎರಡಕ್ಕೂ ಸುಮಾರು 12 ವಾರ. ಲಕ್ಷಣ ಇದ್ದರೆ ಈ ಗಡುವಿಗೆ ಕಾಯಬೇಡಿ, ಅಂದೇ ಹೋಗಿ. ಗಡುವು ಮುಗಿದ ಮೇಲೆ ಇನ್ನೊಮ್ಮೆ ಮಾಡಿಸಿದರಾಯಿತು.

ಗೊನೋರಿಯಾ ಮತ್ತು ಕ್ಲಮಿಡಿಯಾ

ಗೊನೋರಿಯಾ ಒಂದು ಕಾಲಕ್ಕೆ ಸಲ್ಫಾಕ್ಕೆ ಬಗ್ಗುತ್ತಿತ್ತು, ಆಮೇಲೆ ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್. ಒಂದೊಂದನ್ನೂ ಅದು ಗೆದ್ದು ಬಂದಿದೆ. ಈಗ ನೆಚ್ಚಿಕೊಂಡಿರುವುದು ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು, ಸ್ನಾಯುವಿಗೆ ಒಂದೇ ಡೋಸ್. 500 ಮಿಲಿಗ್ರಾಂ ಅಥವಾ 1 ಗ್ರಾಂ, ದೇಶದ ಮಾರ್ಗಸೂಚಿಯ ಪ್ರಕಾರ. ನೋವಿನ ಚುಚ್ಚುಮದ್ದು; ಮರಗಟ್ಟಿಸುವ ಲಿಗ್ನೊಕೇನ್ ಬೆರೆಸಿ ಕೊಟ್ಟರೆ ತಡೆದುಕೊಳ್ಳಬಹುದು. ಕ್ಲಮಿಡಿಯಾ ಇಲ್ಲವೆಂದು ಖಚಿತವಾಗದಿದ್ದರೆ ಅದರ ಔಷಧಿಯನ್ನೂ ಜೊತೆಗೇ ಕೊಡುತ್ತಾರೆ. ಐದು ದಿನವಾದರೂ ಕೀವು ನಿಲ್ಲದಿದ್ದರೆ ಅದೇ ಔಷಧಿ ಮತ್ತೆ ಚುಚ್ಚಿಸಿಕೊಳ್ಳುವುದಕ್ಕಿಂತ ಮೊದಲು ಗೊನೋರಿಯಾಕ್ಕೆಂದೇ ಇರುವ ಕಲ್ಚರ್ ಮಾಡಿಸಿ ಯಾವುದಕ್ಕೆ ಜಗ್ಗುತ್ತದೆ ಎಂದು ನೋಡಬೇಕು. ಗಂಟಲಿನ ಗೊನೋರಿಯಾ ಹಟಮಾರಿ, ಚಿಕಿತ್ಸೆಯಾಗಿ 7ರಿಂದ 14 ದಿನಕ್ಕೆ ಗುಣವಾಗಿದೆಯೇ ಎಂದು ಪರೀಕ್ಷಿಸಲೇಬೇಕು.

ಕ್ಲಮಿಡಿಯಾಕ್ಕೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಒಟ್ಟು 14 ಮಾತ್ರೆ, ಒಂದೂ ಉಳಿಯಬಾರದು. ಈ ಮಾತ್ರೆಯನ್ನು ಒಣಗಂಟಲಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣಾಗುತ್ತದೆ, ಎದೆಯುರಿ ಹೃದಯಾಘಾತದಷ್ಟು ಹೆದರಿಸುತ್ತದೆ. ದೊಡ್ಡ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಒರಗಬೇಡಿ. ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆ್ಯಂಟಾಸಿಡ್ ಎರಡು ಗಂಟೆ ದೂರವಿರಲಿ. ಅವು ಔಷಧಿಯನ್ನು ಕಟ್ಟಿಹಾಕಿ ರಕ್ತಕ್ಕೆ ಹೋಗಗೊಡುವುದಿಲ್ಲ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಗರ್ಭಿಣಿಯರಿಗೆ ಇದು ಬೇಡ, ಅವರಿಗೆ ಅಜಿತ್ರೋಮೈಸಿನ್ 1 ಗ್ರಾಂ ಒಂದೇ ಸಲ.

ಚಿಕಿತ್ಸೆಯ ಮರುವಾರವೇ ಪಿಸಿಆರ್ ಮಾಡಿಸಿ ‘ಇನ್ನೂ ಪಾಸಿಟಿವ್’ ಎಂದು ಕಂಗಾಲಾಗುವವರು ಬಹಳ. ಸತ್ತ ಬ್ಯಾಕ್ಟೀರಿಯಾದ ವಂಶವಸ್ತು ಮೂರು ನಾಲ್ಕು ವಾರ ಅಲ್ಲೇ ಇರುತ್ತದೆ, ಪರೀಕ್ಷೆಗೆ ಸತ್ತದ್ದೂ ಬದುಕಿದ್ದೂ ಒಂದೇ. ಮೂರು ತಿಂಗಳಿಗೆ ಮಾಡಿಸುವ ಮರುಪರೀಕ್ಷೆ ಮಾತ್ರ ಎಲ್ಲರಿಗೂ ಬೇಕು. ಅದು ಹುಡುಕುವುದು ಹಳೆಯ ಸೋಂಕನ್ನಲ್ಲ, ಮತ್ತೆ ಬಂದದ್ದನ್ನು.

ಸಿಫಿಲಿಸ್: ಚುಚ್ಚುಮದ್ದು ಮತ್ತು ವರದಿ ಓದುವುದು

ರೋಗಾಣುವನ್ನು 1905ರಲ್ಲೇ ಕಂಡುಹಿಡಿದರು, 1943ರಿಂದ ಪೆನಿಸಿಲಿನ್ ಕೊಡುತ್ತಿದ್ದಾರೆ, ಇಂದಿಗೂ ಅದೇ ಔಷಧಿ. ಈ ಬ್ಯಾಕ್ಟೀರಿಯಾ ಪೆನಿಸಿಲಿನ್ನಿಗೆ ಒಗ್ಗಿಕೊಂಡಿಲ್ಲ. ಆದರೆ ಬೇಕಾದ್ದು ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಸ್ನಾಯುವಿಗೆ. ಸಿಫಿಲಿಸ್ ಬ್ಯಾಕ್ಟೀರಿಯಾ ಒಂದು ಎರಡಾಗಲು 30 ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಪೆನಿಸಿಲಿನ್ ಕೊಲ್ಲುವುದು ಒಡೆಯುತ್ತಿರುವ ಕೋಶವನ್ನು, ಆದ್ದರಿಂದ ರಕ್ತದಲ್ಲಿ ಅದು ದಿನಗಟ್ಟಲೆ ಇರಬೇಕು. ಬೆಂಜಥೀನ್ ಸ್ನಾಯುವಿನಲ್ಲಿ ಗಡ್ಡೆಯಂತೆ ಕೂತು ವಾರಗಳ ಕಾಲ ಜಿನುಗುತ್ತದೆ. ಬೇಗ ಹರಿದುಹೋಗುವ ಮಾಮೂಲಿ ಪೆನಿಸಿಲಿನ್‌ನ ಒಂದು ಚುಚ್ಚುಮದ್ದು ಇದರ ಜಾಗ ತುಂಬದು. ಪುಡಿ ಕಲಸಿದ ಔಷಧಿ ಗಂಜಿಯಂತೆ ದಪ್ಪ, ಸೂಜಿ ಕಟ್ಟಿಕೊಳ್ಳುತ್ತದೆ. ಹಾಗಾಗಿ 12 ಲಕ್ಷದಂತೆ ಎರಡೂ ಪೃಷ್ಠಕ್ಕೆ ನಿಧಾನವಾಗಿ ಹಾಕುತ್ತಾರೆ. ರಕ್ತನಾಳಕ್ಕೆ ಎಂದೂ ಕೊಡುವಂತಿಲ್ಲ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ, ಅಲರ್ಜಿ ಬರುವುದಾದರೆ ಹೆಚ್ಚಾಗಿ ಆ ಹೊತ್ತಿನಲ್ಲಿ.

ಸೋಂಕು ಒಂದು ವರ್ಷದೊಳಗಿನದಾದರೆ ಒಂದೇ ಡೋಸ್. ಅದಕ್ಕೂ ಹಳೆಯದು ಅಥವಾ ಎಂದಿನದೆಂದು ತಿಳಿಯದ್ದು ಎಂದರೆ ವಾರಕ್ಕೊಂದರಂತೆ ಮೂರು. ನಡುವೆ ಎರಡು ವಾರಕ್ಕಿಂತ ಹೆಚ್ಚು ಅಂತರ ಬಿದ್ದರೆ ಮೊದಲಿನಿಂದ ಶುರು. ಗರ್ಭಿಣಿಯರಿಗೆ ಅಷ್ಟೂ ಸಡಿಲವಿಲ್ಲ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಡಾಕ್ಸಿಸೈಕ್ಲಿನ್ 14 ದಿನ, ಹಳೆಯ ಸೋಂಕಿಗೆ 28 ದಿನ. ಗರ್ಭಿಣಿಗೆ ಮಾತ್ರ ಪರ್ಯಾಯವೇ ಇಲ್ಲ. ಅಲರ್ಜಿ ಇದ್ದರೆ ಆಸ್ಪತ್ರೆಯಲ್ಲಿ ಮೈಯನ್ನು ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಿ ಪೆನಿಸಿಲಿನ್ನೇ ಕೊಡಬೇಕು, ಮಗುವನ್ನು ಉಳಿಸುವ ಔಷಧಿ ಅದೊಂದೇ.

ಚುಚ್ಚುಮದ್ದಾದ ಕೆಲವೇ ಗಂಟೆಗಳಲ್ಲಿ ಚಳಿಜ್ವರ, ತಲೆನೋವು ಬಂದು, ಮಚ್ಚೆ ಇನ್ನಷ್ಟು ಕೆಂಪಾದರೆ ಔಷಧಿ ಹೊಂದಲಿಲ್ಲವೆಂದು ಮುಂದಿನ ಡೋಸ್ ಬಿಡಬೇಡಿ. ಸಾಯುತ್ತಿರುವ ಬ್ಯಾಕ್ಟೀರಿಯಾಕ್ಕೆ ದೇಹ ತೋರುವ ಪ್ರತಿಕ್ರಿಯೆ ಅದು. ಪ್ಯಾರಾಸಿಟಮಾಲ್ ಸಾಕು, 24 ಗಂಟೆಯಲ್ಲಿ ಇಳಿಯುತ್ತದೆ. ಗರ್ಭಿಣಿಯಾಗಿದ್ದು ಹೊಟ್ಟೆ ಬಿಗಿದರೆ ಅಥವಾ ಮಗುವಿನ ಚಲನೆ ಕಡಿಮೆಯೆನಿಸಿದರೆ ಕೂಡಲೇ ವೈದ್ಯರಲ್ಲಿಗೆ.

ಈಗ ವರದಿ. ಸಿಫಿಲಿಸ್‌ಗೆ ಎರಡು ಜಾತಿಯ ರಕ್ತಪರೀಕ್ಷೆಗಳಿವೆ. ಟಿಪಿಎಚ್‌ಎ ಒಮ್ಮೆ ಪಾಸಿಟಿವ್ ಆದರೆ ಗುಣವಾದ ಮೇಲೂ ಹೆಚ್ಚಿನವರಲ್ಲಿ ಜೀವನಪೂರ್ತಿ ಪಾಸಿಟಿವ್, ಅದನ್ನು ಹಿಡಿದು ಚಿಕಿತ್ಸೆಯ ಫಲ ಅಳೆಯಲಾಗದು. ಅಳೆಯುವುದು ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಅಂಕಿಯಿಂದ. 1:32 ಎಂದರೆ ರಕ್ತರಸವನ್ನು 32 ಪಟ್ಟು ತೆಳುವಾಗಿಸಿದರೂ ಪರೀಕ್ಷೆ ಪಾಸಿಟಿವ್ ಬಂತು ಎಂದರ್ಥ. ಮೆಟ್ಟಿಲುಗಳು 1:2, 1:4, 1:8, 1:16, 1:32 ಹೀಗೆ ಇಮ್ಮಡಿಯಾಗುತ್ತ ಹೋಗುತ್ತವೆ. 1:32 ಇದ್ದದ್ದು 1:16 ಆದರೆ ಖುಷಿಪಡುವಂತಿಲ್ಲ, ಒಂದು ಮೆಟ್ಟಿಲ ವ್ಯತ್ಯಾಸ ಪ್ರಯೋಗಾಲಯದ ಕೈತಪ್ಪೂ ಆಗಿರಬಹುದು. 1:8ಕ್ಕೆ ಇಳಿದರೆ, ಅಂದರೆ ಎರಡು ಮೆಟ್ಟಿಲು, ಚಿಕಿತ್ಸೆ ಹಿಡಿದಿದೆ. ಹೊಸ ಸೋಂಕಿನಲ್ಲಿ ಈ ಇಳಿತ 6ರಿಂದ 12 ತಿಂಗಳೊಳಗೆ ಕಾಣಬೇಕು. 1:8 ಇದ್ದದ್ದು ಮತ್ತೆ 1:32ಕ್ಕೆ ಏರಿದರೆ ಹೊಸದಾಗಿ ತಗುಲಿದೆ, ಇಲ್ಲವೇ ಔಷಧಿ ಸಾಲಲಿಲ್ಲ. ಕೆಲವರಲ್ಲಿ 1:2ರಂಥ ಸಣ್ಣ ಅಂಕಿ ವರ್ಷಗಟ್ಟಲೆ ಉಳಿಯುತ್ತದೆ, ಅದಕ್ಕಾಗಿ ಪದೇಪದೇ ಚುಚ್ಚಿಸಿಕೊಳ್ಳುವುದು ಬೇಡ. ಈ ಲೆಕ್ಕ ನಿಲ್ಲಬೇಕಾದರೆ ಮೊದಲ ಚುಚ್ಚುಮದ್ದಿನ ದಿನವೇ ಒಂದು ರಕ್ತ ಕೊಟ್ಟಿರಬೇಕು, ಪ್ರತಿಸಲವೂ ಅದೇ ಪರೀಕ್ಷೆ, ಆದಷ್ಟು ಅದೇ ಪ್ರಯೋಗಾಲಯ ಆಗಿರಬೇಕು. ವಿಡಿಆರ್‌ಎಲ್ ಅಂಕಿಯನ್ನು ಆರ್‌ಪಿಆರ್ ಅಂಕಿಯ ಪಕ್ಕ ಇಟ್ಟು ಹೋಲಿಸುವಂತಿಲ್ಲ.

ಉಳಿದವು

ಟ್ರೈಕೊಮೊನಾಸ್ ಬ್ಯಾಕ್ಟೀರಿಯಾ ಅಲ್ಲ, ಬಾಲವಿರುವ ಏಕಕೋಶ ಜೀವಿ. ಹೆಂಗಸರಿಗೆ ಮೆಟ್ರೊನಿಡಜೋಲ್ 400 ಅಥವಾ 500 ಮಿಲಿಗ್ರಾಂ ದಿನಕ್ಕೆರಡು ಸಲ 7 ದಿನ, ಗಂಡಸರಿಗೆ 2 ಗ್ರಾಂ ಒಂದೇ ಸಲ. ಬಾಯಲ್ಲಿ ಲೋಹದ ರುಚಿ, ಮೂತ್ರ ಕಡುಬಣ್ಣ ಆಗಬಹುದು, ಗಾಬರಿ ಬೇಡ. ಗಂಡಸಿಗೆ ಲಕ್ಷಣ ಇರುವುದೇ ಅಪರೂಪ, ಆದ್ದರಿಂದ ಅವನು ‘ನನಗೇನಾಗಿದೆ’ ಎಂದು ಮಾತ್ರೆ ಬಿಡುತ್ತಾನೆ, ಅವಳಿಗೆ ಮತ್ತೆ ಬರುತ್ತದೆ.

ಹರ್ಪಿಸ್ ವೈರಸ್ ನರದ ಬುಡದಲ್ಲಿ ಉಳಿದುಕೊಳ್ಳುತ್ತದೆ, ಪೂರ್ತಿ ಹೊರಹಾಕುವ ಔಷಧಿ ಇಲ್ಲ. ಮೊದಲ ಸಲ ಅಸೈಕ್ಲೊವಿರ್ 400 ಮಿಲಿಗ್ರಾಂ ದಿನಕ್ಕೆ ಮೂರು ಸಲ, 7ರಿಂದ 10 ದಿನ. ಮತ್ತೆ ಬಂದಾಗ ಇದೇ ಪ್ರಮಾಣ 5 ದಿನ, ಆದರೆ ಗುಳ್ಳೆ ಏಳುವ ಮೊದಲಿನ ಜುಮ್ಮೆನ್ನುವಿಕೆ ಗೊತ್ತಾದ ತಕ್ಷಣ ಶುರು ಮಾಡಿದರೆ ಮಾತ್ರ ಫಲ. ಹಾಗಾಗಿ ಚೀಟಿ ಬರೆಸಿ ಮಾತ್ರೆ ಮನೆಯಲ್ಲೇ ಇಟ್ಟುಕೊಳ್ಳಿ. ವರ್ಷಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಮರುಕಳಿಸಿದರೆ ದಿನಾ ಎರಡು ಹೊತ್ತು 400 ಮಿಲಿಗ್ರಾಂ ತೆಗೆದುಕೊಳ್ಳುವ ದಾರಿ ಇದೆ. ಮೂತ್ರ ತಾಗಿ ಉರಿ ತಡೆಯಲಾಗದಿದ್ದರೆ ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಕೂತೇ ಮೂತ್ರ ಮಾಡಿ. ಅಸೈಕ್ಲೊವಿರ್ ಮುಲಾಮಿನಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಬಂದರೆ ಹೆರಿಗೆ ವೈದ್ಯರಿಗೆ ಹೇಳಲೇಬೇಕು, ಹೆರಿಗೆಯ ವಿಧಾನವೇ ಬದಲಾಗಬಹುದು.

ನರುಳ್ಳೆ ತರುವ ಎಚ್‌ಪಿವಿ ಹೆಚ್ಚಾಗಿ 6 ಮತ್ತು 11ನೇ ತಳಿ. ಗರ್ಭಕೋಶದ ಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ನೂರಕ್ಕೆ 70ರಷ್ಟನ್ನು ತರುವುದು 16 ಮತ್ತು 18. ನರುಳ್ಳೆ ಬಂತೆಂದರೆ ಕ್ಯಾನ್ಸರ್ ಬಂತು ಎಂದಲ್ಲ. ಪೊಡೊಫಿಲೊಟಾಕ್ಸಿನ್ ದ್ರಾವಣವನ್ನು ದಿನಕ್ಕೆರಡು ಸಲ ಮೂರು ದಿನ ಹಚ್ಚಿ ನಾಲ್ಕು ದಿನ ಬಿಡುವುದು, ಹೀಗೆ ನಾಲ್ಕು ಸುತ್ತು, ಗರ್ಭಿಣಿಯರಿಗೆ ನಿಷಿದ್ಧ. ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಸವರಿಕೊಂಡರೆ ಅದು ಸುಡುವುದಿಲ್ಲ. ವೈದ್ಯರಲ್ಲಿ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದೂ ಇದೆ. ಕೈಕಾಲಿನ ನರುಳ್ಳೆಗೆಂದು ಮಾರುವ ಸ್ಯಾಲಿಸಿಲಿಕ್ ಆ್ಯಸಿಡ್ ಇಲ್ಲಿ ಹಚ್ಚಬಾರದು. ಹೋದ ನರುಳ್ಳೆ ಮೊದಲ ಕೆಲವು ತಿಂಗಳಲ್ಲಿ ಮರಳುವುದು ಮಾಮೂಲು.

ಎಚ್‌ಐವಿ ಪಾಸಿಟಿವ್ ಬಂದರೆ ಔಷಧಿ ಅಂದಿನಿಂದಲೇ ಶುರು ಮಾಡುವುದು ಈಗಿನ ಕ್ರಮ. ದಿನಾ ನುಂಗಿ ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಇಳಿದು ಹಾಗೇ ನಿಂತರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

ಮೈಗೆ ಮೈ ತಾಗಿ ಹರಡುವ ತುರಿಕಜ್ಜಿಗೆ 5% ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಪಾದದವರೆಗೆ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆದು, ವಾರಕ್ಕೆ ಇನ್ನೊಮ್ಮೆ. ಹುಳ ಸತ್ತ ಮೇಲೂ ತುರಿಕೆ ಎರಡರಿಂದ ನಾಲ್ಕು ವಾರ ಇರುತ್ತದೆ, ದಿನಾ ಹಚ್ಚುತ್ತ ಹೋದರೆ ಚರ್ಮ ಒಣಗಿ ಇನ್ನಷ್ಟು ತುರಿಸುತ್ತದೆ.

ಜೊತೆಗಾರರಿಗೆ ಹೇಳುವುದು

ಚಿಕಿತ್ಸೆ ಪಡೆದ ಮೇಲೂ ಮತ್ತೆ ಬರಲು ಮುಖ್ಯ ಕಾರಣ ಚಿಕಿತ್ಸೆ ಆಗದ ಜೊತೆಗಾರ. ಎಷ್ಟು ಹಿಂದಕ್ಕೆ ಹೋಗಬೇಕು? ಗೊನೋರಿಯಾ, ಕ್ಲಮಿಡಿಯಾಕ್ಕೆ ಕಳೆದ 60 ದಿನಗಳಲ್ಲಿ ಸಂಪರ್ಕಕ್ಕೆ ಬಂದವರು. ಸಿಫಿಲಿಸ್‌ನ ಮೊದಲ ಹಂತಕ್ಕೆ ಮೂರು ತಿಂಗಳು, ಎರಡನೆಯದಕ್ಕೆ ಆರು ತಿಂಗಳು, ಲಕ್ಷಣವಿಲ್ಲದ ಆರಂಭದ ಹಂತಕ್ಕೆ ಒಂದು ವರ್ಷ.

ಹೇಳಲು ಪೀಠಿಕೆ ಬೇಡ. ‘ನನಗೆ ಕ್ಲಮಿಡಿಯಾ ಇದೆ ಎಂದು ವರದಿ ಬಂದಿದೆ. ನಿನಗೆ ಏನೂ ಅನಿಸದಿದ್ದರೂ ಇರಬಹುದು. ಈ ವಾರವೇ ಪರೀಕ್ಷೆ ಮಾಡಿಸು, ವರದಿಗೆ ಕಾಯದೆ ಔಷಧಿ ಕೊಡಿ ಎಂದು ಕೇಳು. ಅಲ್ಲಿಯವರೆಗೆ ನಾವು ಸೇರುವುದು ಬೇಡ.’ ನಾಲ್ಕು ಸಾಲು, ಒಂದು ಸಂದೇಶ. ಯಾರಿಂದ ಯಾರಿಗೆ ಬಂತು ಎಂಬ ಜಗಳಕ್ಕೆ ವೈದ್ಯಶಾಸ್ತ್ರದಲ್ಲಿ ಹೆಚ್ಚಿನ ಸಾಕ್ಷಿ ಸಿಗುವುದಿಲ್ಲ: ಹರ್ಪಿಸ್, ಎಚ್‌ಪಿವಿ ವರ್ಷಗಟ್ಟಲೆ ಸುಮ್ಮನಿದ್ದು ಎದ್ದು ಬರುತ್ತವೆ, ಕ್ಲಮಿಡಿಯಾ ತಿಂಗಳುಗಟ್ಟಲೆ ಅಡಗಿರಬಲ್ಲದು.

ಇಬ್ಬರೂ ಒಂದೇ ಸಮಯಕ್ಕೆ ಔಷಧಿ ತೆಗೆದುಕೊಳ್ಳಿ. ಒಂದೇ ಡೋಸಿನ ಚಿಕಿತ್ಸೆಯಾದರೆ ಅಂದಿನಿಂದ 7 ದಿನ, 7 ದಿನದ ಮಾತ್ರೆಯಾದರೆ ಕೊನೆಯ ಮಾತ್ರೆ ಮುಗಿಯುವವರೆಗೆ ಸಂಪರ್ಕ ಬೇಡ. ಲೆಕ್ಕ ಶುರುವಾಗುವುದು ಕೊನೆಗೆ ಮುಗಿಸಿದವರಿಂದ. ಸಿಫಿಲಿಸ್‌ನಲ್ಲಿ ಹುಣ್ಣು ಪೂರ್ತಿ ಮಾಯಬೇಕು.

ಯಾವಾಗ ಓಡಬೇಕು

ಹೆಂಗಸರಲ್ಲಿ ಕಿಬ್ಬೊಟ್ಟೆ ನೋವಿನ ಜೊತೆ ಜ್ವರ, ವಾಂತಿ, ಅಥವಾ ಮುಟ್ಟು ತಪ್ಪಿ ಒಂದು ಪಕ್ಕ ನೋವು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೊದಲನೆಯದು ಗರ್ಭನಾಳಕ್ಕೆ ಏರಿದ ಸೋಂಕು ಇರಬಹುದು. ಅದಕ್ಕೆ 14 ದಿನಗಳ, ಒಂದಕ್ಕಿಂತ ಹೆಚ್ಚು ಔಷಧಿಗಳ ಚಿಕಿತ್ಸೆ ಬೇಕು. ಎರಡನೆಯದು ಗರ್ಭನಾಳದಲ್ಲೇ ಕೂತ ಬಸಿರು ಇರಬಹುದು, ಒಡೆದರೆ ಜೀವಕ್ಕೇ ಅಪಾಯ. ಗಂಡಸರಲ್ಲಿ ಒಂದು ವೃಷಣ ದಿನ ಎರಡು ದಿನದಲ್ಲಿ ನಿಧಾನವಾಗಿ ಬಾತು ನೋಯುವುದು ಸೋಂಕಿನ ದಾರಿ. ಇದ್ದಕ್ಕಿದ್ದಂತೆ ಸಿಡಿದಂತೆ ನೋವಾದರೆ ವೃಷಣ ತಿರುಚಿಕೊಂಡಿರಬಹುದು, ಉಳಿಸಿಕೊಳ್ಳಲು ಇರುವುದು ಆರು ಗಂಟೆ. ದೃಷ್ಟಿ ಮಸುಕು, ಕಿವಿ ಮಂದ, ಬಿಡದ ತಲೆನೋವು ಸಿಫಿಲಿಸ್ ಇರುವವರಲ್ಲಿ ಕಂಡರೆ ಚಿಕಿತ್ಸೆಯೇ ಬೇರೆ, ಪೆನಿಸಿಲಿನ್ ರಕ್ತನಾಳದ ಮೂಲಕ 10ರಿಂದ 14 ದಿನ.

ಕ್ಲೊಬೆಟಾಸೋಲ್‌ನಂಥ ಸ್ಟಿರಾಯ್ಡ್ ಬೆರೆತ ಮುಲಾಮನ್ನು ಈ ಭಾಗಕ್ಕೆ ಹಚ್ಚಬೇಡಿ. ತುರಿಕೆ ಎರಡು ದಿನ ಅಡಗಿ, ಚರ್ಮ ತೆಳುವಾಗಿ, ಸೋಂಕು ಗುರುತು ಸಿಗದ ರೂಪ ತಾಳುತ್ತದೆ.

ತಡೆ

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದಾಗಿ ಒಂದು ತಿಂಗಳಿಗೆ, ಆರು ತಿಂಗಳಿಗೆ. ಎಚ್‌ಪಿವಿ ಲಸಿಕೆ 9ರಿಂದ 14ರ ವಯಸ್ಸಿನಲ್ಲಿ ಹೆಚ್ಚು ಫಲಕಾರಿ, ಆಗ ಒಂದು ಅಥವಾ ಎರಡು ಡೋಸ್ ಸಾಕು. ಇದ್ದ ನರುಳ್ಳೆಯನ್ನು ಅದು ಗುಣಪಡಿಸುವುದಿಲ್ಲ. ಗರ್ಭಿಣಿ ಎಂದು ತಿಳಿದ ಮೊದಲ ಭೇಟಿಯಲ್ಲೇ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಮೂರನ್ನೂ ನೋಡಿಸಬೇಕು.

ಕಾಂಡೋಮ್ ಹರಿಯುವುದಕ್ಕೆ ಕಾರಣ ಬಹುತೇಕ ಬಳಸುವ ರೀತಿ. ಪರ್ಸಿನಲ್ಲಿಟ್ಟು ಬಿಸಿಗೂ ಉಜ್ಜಾಟಕ್ಕೂ ಸಿಕ್ಕಿ ರಬ್ಬರ್ ಸೊರಗುತ್ತದೆ. ಹಲ್ಲಿನಿಂದ ಪೊಟ್ಟಣ ಹರಿದರೆ ಕಾಂಡೋಮ್‌ಗೂ ಹಲ್ಲು ತಾಗುತ್ತದೆ. ತುದಿಯನ್ನು ಚಿವುಟಿ ಗಾಳಿ ತೆಗೆಯದಿದ್ದರೆ ಒಳಗಿನ ಒತ್ತಡಕ್ಕೆ ಒಡೆಯುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಲೋಷನ್ ಯಾವುದೂ ಲ್ಯಾಟೆಕ್ಸ್‌ಗೆ ಆಗಿಬರುವುದಿಲ್ಲ, ನಿಮಿಷಗಳಲ್ಲೇ ಅದನ್ನು ದುರ್ಬಲ ಮಾಡುತ್ತವೆ. ನೀರು ಅಥವಾ ಸಿಲಿಕೋನ್ ಆಧಾರದ ಜಾರುಕವೇ ಬೇಕು. ತಲೆಕೆಳಗಾಗಿ ಹಾಕಿ ಬಿಚ್ಚಿಕೊಳ್ಳದೆ ಹೋದರೆ ತಿರುಗಿಸಿ ಅದನ್ನೇ ಹಾಕಬೇಡಿ, ಹೊರಮೈಗೆ ಆಗಲೇ ದ್ರವ ತಾಗಿದೆ, ಹೊಸದು ತೆಗೆದುಕೊಳ್ಳಿ. ಮುಗಿದ ಮೇಲೆ ಬುಡವನ್ನು ಬೆರಳಿನಿಂದ ಹಿಡಿದು, ಬಿಗಿ ಇಳಿಯುವ ಮೊದಲೇ ಹೊರತೆಗೆಯಿರಿ.